ಎಂಟನೆಯ ಪಾಲು

ಪೇಚ್ಚಿಯಮ್ಮಾಳ್ ಹಿಡಿದ ಕಾಲನ್ನು ಬಿಟ್ಟವಳಲ್ಲ. ಕಬಡ್ಡಿ ಅಂಕಣದ ಎಡಮೂಲೆ ಅವಳದು. ಎದುರು ತಂಡದ ರೈಡರ್ ಉಸಿರು ಕಟ್ಟಿ ಬಂದು ಕಾಲು ಚಾಚಿದರೆ ಸಾಕು, ಪೇಚ್ಚಿಯ ಎರಡೂ ಕೈ ಹಿಮ್ಮಡಿಯ ಮೇಲೆ ಬೀಗ ಹಾಕುತ್ತಿದ್ದವು. ಮುಖಕ್ಕೆ ಒದೆ ಬೀಳುತ್ತಿತ್ತು. ಎರಡು ಹಲ್ಲು ಹೋಗಿವೆ. ಮೂಗಿನ ಮೂಳೆ ಒಂದು ಕಡೆಗೆ ವಾಲಿದೆ. ಕೈ ಮಾತ್ರ ಬಿಟ್ಟಿಲ್ಲ.

ಅದು ಉಪ್ಪಿನ ಕೈ. ತೂತ್ತುಕುಡಿಯ ಹೊರಗೆ ಪುದಿಯಳಂ ಕಾಲೊನಿಯ ಹೆಂಗಸರೆಲ್ಲ ಉಪ್ಪಿನ ಗದ್ದೆಯವರು. ಬೆಳಗಿನ ಜಾವ ನಾಲ್ಕಕ್ಕೆ ಸೀರೆಯ ಮೇಲೆ ಗಂಡನದೋ ಅಣ್ಣನದೋ ಹಳೇ ಅಂಗಿ ತೊಟ್ಟು ಗದ್ದೆಗೆ ಇಳಿಯುತ್ತಾರೆ. ಪೇಚ್ಚಿ ಹನ್ನೆರಡನೇ ವಯಸ್ಸಿಗೆ ಇಳಿದಳು. ಮರದ ಹಲಗೆಯಲ್ಲಿ ಉಪ್ಪು ಎಳೆಯಬೇಕು, ಬುಟ್ಟಿಗೆ ತುಂಬಬೇಕು, ತಲೆಯ ಮೇಲೆ ಹೊತ್ತು ದಿಬ್ಬ ಹತ್ತಬೇಕು. ಅಂಗಾಲು ಬಿರಿಯುತ್ತದೆ. ಬಿರಿದಲ್ಲಿ ಉಪ್ಪು ಕೂರುತ್ತದೆ. ಎಣ್ಣೆ ಸವರಿದರೂ ಉರಿ ಆರುವುದಿಲ್ಲ. ಅಂಥ ಅಂಗಾಲಲ್ಲಿ, ಒಣಗಿದ ಗದ್ದೆಯಲ್ಲಿ ಗೆರೆ ಎಳೆದುಕೊಂಡು, ಏಳು ಹುಡುಗಿಯರು ಕಬಡ್ಡಿ ಕಲಿತರು.

ಗದ್ದೆಯಲ್ಲಿ ಕೂಲಿ ಒಬ್ಬೊಬ್ಬರಿಗಲ್ಲ, ಗುಂಪಿಗೆ. ಗುಂಪಿನಲ್ಲಿ ಏಳು ಜನ. ಎಳೆಯುವವಳಿಗೂ ತುಂಬುವವಳಿಗೂ ಹೊರುವವಳಿಗೂ ಸಮಪಾಲು. ಆದರೆ ಪಾಲು ಮಾಡುವಾಗ ಏಳು ಮಾಡುವುದಿಲ್ಲ, ಎಂಟು ಮಾಡುತ್ತಾರೆ. ಎಂಟನೆಯದು ಏಳಲಾಗದೆ ಮನೆಯಲ್ಲಿ ಮಲಗಿದವಳದು. ಬಾಣಂತಿಯೋ, ಜ್ವರದವಳೋ, ಕಾಲು ಮುರಿದವಳೋ. ಈ ಕಟ್ಟಳೆಯನ್ನು ಯಾರು ಮಾಡಿದರೆಂದು ಯಾರಿಗೂ ಗೊತ್ತಿಲ್ಲ. ಯಾರೂ ಬರೆದಿಟ್ಟಿಲ್ಲ. ಇವತ್ತಿನವರೆಗೆ ಯಾರೂ ಮುರಿದೂ ಇಲ್ಲ.

ಕಬಡ್ಡಿಯ ಬಹುಮಾನಕ್ಕೂ ಅದೇ ಕಟ್ಟಳೆ. ಊರೂರಿನ ಪಂದ್ಯದಲ್ಲಿ ಗೆದ್ದ ಹಣ ಎಂಟು ಭಾಗ. ಒಮ್ಮೆ ಒಂದು ಮೇಕೆ ಗೆದ್ದಾಗ ಮಾಂಸವನ್ನೂ ಎಂಟು ಗುಡ್ಡೆ ಹಾಕಿದ್ದರು.

ಆ ಎಂಟನೆಯ ಪಾಲನ್ನು ಎಲ್ಲರಿಗಿಂತ ಹೆಚ್ಚು ಉಂಡವಳು ಯಾಳಿನಿ. ಪೇಚ್ಚಿಯದೇ ಬೀದಿಯವಳು, ಮೂರು ವರ್ಷ ಚಿಕ್ಕವಳು, ತಂಡದ ರೈಡರ್. ಜಿಂಕೆಯಂತೆ ನೆಗೆಯುತ್ತಿದ್ದ ಹುಡುಗಿ. ಹತ್ತೊಂಬತ್ತಕ್ಕೆ ಮಂಡಿಯ ನರ ಹರಿಯಿತು. ಒಂದೂವರೆ ವರ್ಷ ಮಲಗಿದಳು. ಮಧುರೆಯಲ್ಲಿ ಮಂಡಿ ಕೊಯ್ಯಿಸಿದ್ದು ಆ ಪಾಲಿನಲ್ಲಿ. ಅವಳಮ್ಮ ಗದ್ದೆಗೆ ಹೋದ ಹೊತ್ತಲ್ಲಿ ಪೇಚ್ಚಿ ಅವಳನ್ನು ಹೊತ್ತುಕೊಂಡು ಕಕ್ಕಸಿಗೆ ಕೂರಿಸಿದ್ದಾಳೆ, ತೊಳೆದಿದ್ದಾಳೆ. ಯಾಳಿನಿ ಅಳುತ್ತ, "ಈ ಜನ್ಮದಲ್ಲಿ ನಿನ್ನ ಋಣ ತೀರಲ್ಲ ಅಕ್ಕಾ" ಎಂದಾಗ ಪೇಚ್ಚಿ ಅವಳ ತಲೆಗೆ ಒಂದು ಮೊಟಕಿ, "ಮೊದ್ಲು ಎದ್ದು ನಿಲ್ಲೇ, ಮಾತಾಡ್ತಾಳೆ" ಎಂದಿದ್ದಳು.

ಎದ್ದಳು. ಮೊದಲಿಗಿಂತ ಚೆನ್ನಾಗಿ ಆಡಿದಳು.

ಕಬಡ್ಡಿಯಲ್ಲಿ ಔಟಾದವಳು ಸತ್ತಂತೆ. ಹೊರಗೆ ಕೂರಬೇಕು. ಅವಳ ತಂಡದವರು ಎದುರಾಳಿ ಒಬ್ಬಳನ್ನು ಔಟು ಮಾಡಿದರೆ ಮಾತ್ರ ಬದುಕಿ ಒಳಗೆ ಬರುತ್ತಾಳೆ. ಯಾಳಿನಿ ಒಂದು ಪಂದ್ಯದಲ್ಲಿ ನಾಲ್ಕೈದು ಸಲ ಸಾಯುತ್ತಿದ್ದಳು. ಪ್ರತಿಸಲವೂ ಪೇಚ್ಚಿ ಯಾರದೋ ಕಾಲು ಹಿಡಿದು, ಒದೆ ತಿಂದು, ಅವಳನ್ನು ಎಬ್ಬಿಸುತ್ತಿದ್ದಳು. ಪತ್ರಿಕೆಯವರು ಯಾಳಿನಿಯ ಪಾಯಿಂಟು ಬರೆದರು, ಫೋಟೋ ಹಾಕಿದರು. ಎಬ್ಬಿಸಿದವಳ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಪೇಚ್ಚಿಗೆ ಆಗ ಅದು ಬೇಕಿರಲೂ ಇಲ್ಲ.

ಹೆಂಗಸರ ಕಬಡ್ಡಿಗೆ ಹೊಸ ಲೀಗು ಶುರುವಾದಾಗ ಜವಳಿ ಅಂಗಡಿಯ ಒಡೆಯರೊಬ್ಬರು, ಎಲ್ಲರೂ ಮುದಲಾಳಿ ಎಂದು ಕರೆಯುವವರು, ಇವರನ್ನು ಹುಡುಕಿಕೊಂಡು ಬಂದರು. "ಚೂರು ಚೂರು ಬೇಡ, ಇಡೀ ತಂಡಾನೇ ಕೊಡಿ" ಎಂದು ಅಂತೋಣಿ ಮಾಸ್ಟರನ್ನು ಕೇಳಿದರು. ಕಾಲೊನಿಯ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದು, ಇವರಿಗೆಲ್ಲ ಆಟ ಕಲಿಸಿದವರು ಅವರೇ. ಚರ್ಚಿನ ಜಗಲಿಯ ಮೇಲೆ ಏಳು ಜನರನ್ನೂ ಕೂರಿಸಿ ಇಂಗ್ಲಿಷ್ ಕಾಗದ ಓದಿ ಹೇಳಿದರು. ತಿಂಗಳಿಗೆ ನಲವತ್ತು ಸಾವಿರ, ಊಟ, ವಸತಿ.

"ಎಲ್ಲಾರ್ಗೂ ಒಂದೇನಾ ಮಾಸ್ಟ್ರೇ?" ಪೇಚ್ಚಿ ಕೇಳಿದಳು.

"ಎಲ್ಲಾರ್ಗೂ ಒಂದೇ ಕಣಮ್ಮಾ."

ಯಾಳಿನಿ ಪೇಚ್ಚಿಯ ಪಕ್ಕದಲ್ಲೇ ಕೂತಿದ್ದಳು. ಅವಳ ಭುಜಕ್ಕೆ ಭುಜ ತಾಗಿಸಿ ನಕ್ಕಳು. ಸಹಿ ಹಾಕಿದಳು.

ಮಧುರೆಯ ಹಾಸ್ಟೆಲು, ನೀಲಿ ಮ್ಯಾಟು, ಕಾಲಿಗೆ ಬೂಟು. ಮೊದಲ ಆರು ಪಂದ್ಯ ಆರೂ ಗೆದ್ದರು. ಟಿವಿಯವರು ಬಂದು, ಇಷ್ಟು ಚೆಂದದ ಹಿಡಿತವನ್ನು ನೋಡಿಲ್ಲ ಎಂದರು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಮೂಲೆಯವಳು ಕಾಲು ಹಿಡಿದ ಮೇಲೆ ಉಳಿದವರು ಕಣ್ಣು ಮುಚ್ಚಿ ತೆರೆಯುವುದರೊಳಗೆ ರೈಡರ್ ಮೇಲೆ ಬೀಳಬೇಕು. ಅರೆಗಳಿಗೆ ತಡವಾದರೆ ಹಿಡಿದವಳ ಮುಖ ಒಡೆಯುತ್ತದೆ. ಬೀಳುತ್ತಾರೋ ಇಲ್ಲವೋ ಎಂದು ಪೇಚ್ಚಿ ಯಾವತ್ತೂ ತಿರುಗಿ ನೋಡಿದವಳಲ್ಲ.

ಏಳನೆಯ ಪಂದ್ಯಕ್ಕೆ ನಾಲ್ಕು ದಿನ ಮುಂಚೆ ಅಭ್ಯಾಸ ಮಾಡುವಾಗ ಅನ್ನಪುಷ್ಪಂ ಬಿದ್ದಳು. ಪೇಚ್ಚಿಯ ಬಗಲಲ್ಲಿ ನಿಲ್ಲುವವಳು ಅವಳು. ಎರಡು ಮಕ್ಕಳ ತಾಯಿ, ಗಂಡ ಬಿಟ್ಟು ಹೋಗಿದ್ದ. ಭುಜದ ಕೀಲು ತಪ್ಪಿ ನರ ಹರಿದಿತ್ತು. ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಆ ಕೈ ಮತ್ತೆ ತಲೆಯ ಮೇಲೆ ಏರುವುದಿಲ್ಲ ಎಂದರು ಡಾಕ್ಟರು. ಎರಡು ಲಕ್ಷ ಖರ್ಚು.

ಮ್ಯಾನೇಜರ್ ಶ್ರೀವತ್ಸನ್ ಚೆನ್ನೈಯವನು. ಕಾಗದ ನೋಡಿ ಹೇಳಿದ: "ಪಂದ್ಯದಲ್ಲಿ ಬಿದ್ದಿದ್ರೆ ಕಂಪನಿ ಕೊಡುತ್ತೆ. ಇದು ಅಭ್ಯಾಸ. ಇದಕ್ಕೆ ಬರಲ್ಲ. ಆಡದ ತಿಂಗಳಿಗೆ ಸಂಬಳಾನೂ ಇಲ್ಲ."

"ಕೈ ಎತ್ತಲಾಗ್ದೆ ಅವ್ಳಿಗೆ ಉಪ್ಪಿನ ಬುಟ್ಟಿನೂ ಹೊರಕ್ಕಾಗಲ್ಲ ಸಾರ್," ಎಂದಳು ಪೇಚ್ಚಿ.

"ಅದಕ್ಕೆ ನಾನೇನಮ್ಮಾ ಮಾಡ್ಲಿ?"

ಅವತ್ತು ಹಾಸ್ಟೆಲಿನ ಕೋಣೆಯಲ್ಲಿ ಪೇಚ್ಚಿ ಟವಲು ಹಾಸಿದಳು. ಕಟ್ಟಳೆ ಮುರಿಯುವ ಮಾತೇ ಇರಲಿಲ್ಲ. ಪ್ರತಿಯೊಬ್ಬಳೂ ತನ್ನ ಸಂಬಳದ ಎಂಟರಲ್ಲಿ ಒಂದು ಪಾಲು ಇಟ್ಟಳು. ಐದೈದು ಸಾವಿರ. ಯಾಳಿನಿಯೂ ಬಂದಳು, ಐದು ಸಾವಿರ ಇಟ್ಟಳು. ಇಟ್ಟು, ಅನ್ನಪುಷ್ಪಂಳ ಹಣೆ ಸವರಿ, "ಬೇಗ ಎದ್ದೇಳಕ್ಕಾ" ಎಂದಳು. ಎಲ್ಲ ಸೇರಿ ಮೂವತ್ತು ಸಾವಿರವಾಯಿತು. ಮುಂದಿನ ತಿಂಗಳು ಮತ್ತೆ ಮೂವತ್ತು. ಸಾಲದು. ಆದರೆ ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ. ಇದ್ದಷ್ಟರಲ್ಲಿ ಎಲ್ಲರೂ ಇಟ್ಟಿದ್ದರು.

ಅನ್ನಪುಷ್ಪಂಳ ಜಾಗಕ್ಕೆ ಒಡಿಶಾದಿಂದ ಮಿನತಿ ಎಂಬ ಹುಡುಗಿಯನ್ನು ತಂದರು. ಭಾಷೆ ಬಾರದ, ಕರೆದರೆ ಬೆಚ್ಚುವ ಹುಡುಗಿ. ಜೋಡಣೆ ಹೊಸತು. ಏಳನೆಯ ಪಂದ್ಯ ಸೋತರು.

ಮರುದಿನ ಬೆಳಗ್ಗೆ ಶ್ರೀವತ್ಸನ್ ಎಲ್ಲರನ್ನೂ ಮ್ಯಾಟಿನ ಮೇಲೆ ಸಾಲಾಗಿ ನಿಲ್ಲಿಸಿದ. ಕುರ್ಚಿ ಹಾಕಿಕೊಂಡು ಕೂತ.

"ಕಾಲು ಹಿಡಿಯೋದು ಬಿಟ್ರೆ ನಿಮಗೆ ಇನ್ನೇನು ಬರುತ್ತೆ? ಅದೂ ಆಗಲ್ಲ ಅಂದ್ರೆ ಉಪ್ಪು ಹೊರಕ್ಕೆ ಹೋಗಿ. ಒಬ್ಳು, ಒಬ್ಳೇ ಹನ್ನೊಂದು ಪಾಯಿಂಟ್ ತಂದ್ಲು ನಿನ್ನೆ. ಯಾಳಿನಿಗೆ ಮೂವತ್ತು ಲಕ್ಷ ಕೊಟ್ಟಿದ್ದು ನನಗೆ ಭಾರ ಅನ್ಸಿಲ್ಲ. ನಿಮ್ಮ ಎಂಬತ್ತು ಸಾವಿರ ಭಾರ ಆಗ್ತಿದೆ!"

ಆಟ ಎರಡು ತಿಂಗಳದು. ಎಂಬತ್ತು ಸಾವಿರ ಎಲ್ಲರಿಗೂ ಗೊತ್ತಿತ್ತು. ಮೂವತ್ತು ಲಕ್ಷ ಎಂಬ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಪೇಚ್ಚಿ ಯಾಳಿನಿಯ ಕಡೆ ತಿರುಗಿದಳು. ಯಾಳಿನಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಳು. ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಪೇಚ್ಚಿ ಮಾಸ್ಟರ ಕಡೆ ತಿರುಗಿದಳು. ಅಂತೋಣಿ ಮಾಸ್ಟರು ಕೊರಳಿನ ಸೀಟಿಯನ್ನು ತಿರುವುತ್ತ ಛಾವಣಿ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು.

ಪೇಚ್ಚಿಗೆ ಉರಿದದ್ದು ಮೂವತ್ತು ಲಕ್ಷಕ್ಕಲ್ಲ. ಟವಲಿನ ಮೇಲೆ ಇಟ್ಟ ಐದು ಸಾವಿರಕ್ಕೆ. ಅಷ್ಟು ಜನರ ನಡುವೆ, ಅಷ್ಟು ಸಲೀಸಾಗಿ, ನಮ್ಮ ಹಾಗೇ ಎಣಿಸಿ ಇಟ್ಟಳಲ್ಲ.

ನಲ್ಲಿಯ ಹತ್ತಿರ ಅವಳನ್ನು ತಡೆದು ಕೇಳಿದಳು.

"ಸಾಚಾನೇನೇ?"

ಯಾಳಿನಿ ಮುಖಕ್ಕೆ ನೀರು ಹಾಕಿಕೊಂಡಳು. "ಹೇಳ್ಬಾರ್ದು ಅಂತ ಕಾಗದದಲ್ಲಿ ಬರ್ಸ್ಕೊಂಡಿದ್ರು ಅಕ್ಕಾ. ಹೇಳಿದ್ರೆ ಕೊಡಲ್ಲ ಅಂದ್ರು."

"ಚರ್ಚಿನ ಜಗಲಿ ಮೇಲೆ ನನ್ ಭುಜಕ್ಕೆ ಭುಜ ಕೊಟ್ಟು ನಕ್ಯಲ್ಲೇ. ಅದೂ ಕಾಗದದಲ್ಲಿ ಬರ್ಸ್ಕೊಂಡಿದ್ರಾ?"

"ನನ್ ಮಂಡಿ ಇನ್ನೆರಡು ವರ್ಷ ತಡೆಯುತ್ತೋ ಇಲ್ವೋ. ಆಮೇಲೆ ನನ್ನ ಯಾರು ಕೇಳ್ತಾರೆ? ಜನ ಟಿಕೆಟ್ ತಗೊಂಡು ಬರೋದು ನನ್ನ ನೋಡಕ್ಕೆ. ನಿನ್ನ ನೋಡಕ್ಕಲ್ಲ. ಅದು ಸುಳ್ಳಾ?"

"ಸುಳ್ಳಲ್ಲ. ನೀನು ಜಾಸ್ತಿ ತಗೋ. ಹತ್ತು ಪಟ್ಟು ತಗೋ, ನಂಗೇನು. ಅನ್ನಪುಷ್ಪಂಗೆ ನಿನ್ನ ಎಂಟನೇ ಪಾಲು ಇಡು. ನಿಜವಾದ ಪಾಲು. ಅಷ್ಟರಲ್ಲಿ ಅವ್ಳ ಕೈ ಉಳಿಯುತ್ತೆ."

ಯಾಳಿನಿ ನಲ್ಲಿ ತಿರುವಿದಳು. ನೀರು ನಿಂತ ಮೇಲೂ ತಿರುವುತ್ತಿದ್ದಳು.

"ಅದು ಗದ್ದೆ ಕಟ್ಟಳೆ ಅಕ್ಕಾ. ಇದು ಗದ್ದೆ ಅಲ್ಲ," ಎಂದು ಹೇಳಿ ಹೋದಳು.

ಪೇಚ್ಚಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತಳು. ಹಲ್ಲು ಮುರಿದಾಗ ಅತ್ತವಳಲ್ಲ.

ಅವತ್ತಿನಿಂದ ತಂಡ ಒಡೆಯಿತು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಬೇಕೆಂದೇ ಯಾರೂ ಬಿಟ್ಟುಕೊಡಲಿಲ್ಲ. ಪೇಚ್ಚಿ ಕಾಲು ಹಿಡಿಯುತ್ತಿದ್ದಳು, ಉಳಿದವರು ಬೀಳುತ್ತಿದ್ದರು, ಆದರೆ ಅರೆಗಳಿಗೆ ತಡವಾಗಿ. ಆ ಅರೆಗಳಿಗೆಯಲ್ಲಿ ರೈಡರ್ ಗೆರೆ ಮುಟ್ಟಿಬಿಡುತ್ತಿದ್ದಳು. ಪೇಚ್ಚಿಯೂ ಹಿಡಿಯುವ ಮುಂಚೆ ಒಮ್ಮೆ ತಿರುಗಿ ನೋಡತೊಡಗಿದಳು. ತಿರುಗಿ ನೋಡುವ ಮೂಲೆಯವಳಿಗೆ ಕಾಲು ಸಿಗುವುದಿಲ್ಲ. ಯಾಳಿನಿ ಔಟಾಗಿ ಹೊರಗೆ ಕೂತರೆ ಹತ್ತು ನಿಮಿಷವಾದರೂ ಅವಳನ್ನು ಎಬ್ಬಿಸುವವರಿಲ್ಲ. ಮೂವತ್ತು ಲಕ್ಷದ ಆಟಗಾರ್ತಿ ಬೆಂಚಿನ ಮೇಲೆ ಟವಲು ಹಿಂಡುತ್ತ ಕೂರುತ್ತಿದ್ದಳು. ಐದರಲ್ಲಿ ನಾಲ್ಕು ಪಂದ್ಯ ಸೋತರು.

ಕೋಣೆಯಲ್ಲಿ ಬರೀ ಚುಚ್ಚುಮಾತು. ಯಾಳಿನಿ ನಡೆದು ಹೋದರೆ ಇಸಕ್ಕಿ ಎಂಬವಳು, "ದೃಷ್ಟಿ ತೆಗೀರೇ, ಒಂದೊಂದು ಕಾಲು ಹದಿನೈದು ಲಕ್ಷದ್ದು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆ ನಗುವಿನಲ್ಲಿ ಯಾರ ಹೊಟ್ಟೆಯೂ ತಣ್ಣಗಾಗುತ್ತಿರಲಿಲ್ಲ. ಯಾಳಿನಿಗೆ ಬೇರೆ ಕೋಣೆ ಕೊಟ್ಟರು.

ಮುದಲಾಳಿ ಚೆನ್ನೈಯಿಂದ ಒಬ್ಬ ತರಬೇತಿದಾರನನ್ನು ಕಳಿಸಿದರು, ಒಗ್ಗಟ್ಟು ಕಲಿಸಲು. ಅವನು ಎಲ್ಲರ ಕೈಗೂ ಬಲೂನು ಕೊಟ್ಟ. ಆಮೇಲೆ ಒಬ್ಬೊಬ್ಬಳೂ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಉಳಿದವರು ಹಿಡಿಯಬೇಕು ಎಂದ. ಜೀವಮಾನವಿಡೀ ಹಿಡಿದುಕೊಂಡೇ ಬಂದವರಿಗೆ ಹಿಡಿಯುವುದನ್ನು ಕಲಿಸಲು ಬಂದಿದ್ದ. ಯಾಳಿನಿಯ ಸರದಿ ಬಂತು. ಬಿದ್ದಳು. ಯಾರೂ ಅಲುಗಲಿಲ್ಲ. ಪೇಚ್ಚಿಯ ಕೈ ತಾನಾಗಿ ಮುಂದೆ ಹೋಗಿ ಅವಳ ತಲೆ ನೆಲಕ್ಕೆ ಬಡಿಯದಂತೆ ಹಿಡಿಯಿತು. ಆ ದಿನವೆಲ್ಲ ಪೇಚ್ಚಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು.

ಡಾಕ್ಟರು ಹೇಳಿದ ತಿಂಗಳು ಮುಗಿಯಲು ಐದು ದಿನ ಉಳಿದಿತ್ತು. ಕೊನೆಯ ಲೀಗ್ ಪಂದ್ಯ ಚೆನ್ನೈಯಲ್ಲಿ, ಸಂಜೆ ಆರಕ್ಕೆ. ಗೆದ್ದರೆ ಸೆಮಿಫೈನಲ್. ಮುದಲಾಳಿಯೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅನ್ನಪುಷ್ಪಂ ಹಳೇ ಸೀರೆಯ ತುಂಡಿನಲ್ಲಿ ತೋಳು ಕಟ್ಟಿಕೊಂಡು ಬೆಂಚಿನ ಕೊನೆಯಲ್ಲಿ ಕೂತಿದ್ದಳು. ಬಸ್ಸಿನ ಖರ್ಚು ಕೊಟ್ಟು ಅವಳನ್ನು ಕರೆತಂದವಳು ಪೇಚ್ಚಿ.

ಪಂದ್ಯಕ್ಕೆ ಮುಂಚೆ ಪೇಚ್ಚಿ ಮುದಲಾಳಿಯ ಎದುರು ಹೋಗಿ ನಿಂತಳು.

"ಅಯ್ಯಾ, ಇವ್ಳ ಆಪರೇಷನ್‌ಗೆ ಒಪ್ಕೊಳ್ಳಿ. ಜೀವ ಕೊಟ್ಟು ಆಡ್ತೀವಿ."

ಮುದಲಾಳಿ ಶ್ರೀವತ್ಸನ್‌ನ ಮುಖ ನೋಡಿದರು. ಅವನು ಪೇಚ್ಚಿಯ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಗೆದ್ದು ಬನ್ನಿ ಮೊದ್ಲು. ಭಿಕ್ಷೆ ಕೇಳೋ ಜಾಗಾನಾ ಇದು?"

ಜೀವ ಕೊಟ್ಟೇ ಆಡಿದರು. ಅರ್ಧ ಆಟ ಮುಗಿದಾಗ ಎರಡು ಪಾಯಿಂಟು ಮುಂದಿದ್ದರು. ಪೇಚ್ಚಿಯ ತುಟಿ ಸೀಳಿ ರಕ್ತ ಜೆರ್ಸಿಗೆ ಇಳಿದಿತ್ತು. ನೀರು ಕುಡಿಯುವ ಹೊತ್ತಲ್ಲಿ ಅವಳು ಯಾಳಿನಿಯ ಹತ್ತಿರ ಹೋದಳು. ಉಳಿದವರೂ ಬಂದು ಸುತ್ತ ನಿಂತರು.

"ಕೊನೇ ಸಲ ಕೇಳ್ತಿದೀನಿ. ಪಾಲು ಇಡ್ತೀಯಾ?"

"ಮ್ಯಾಚ್ ಮುಗೀಲಿ ಅಕ್ಕಾ, ಮಾತಾಡಣ."

"ನಿನ್ ಮಂಡಿ ಕೊಯ್ಯೋವಾಗ ನಾವು ಯಾವ ಮ್ಯಾಚ್ ಮುಗೀಲಿ ಅಂದ್ವೇ?"

ಯಾಳಿನಿ ಅನ್ನಪುಷ್ಪಂಳ ಕಡೆ ನೋಡಿದಳು. ಆಮೇಲೆ ಮುಂದಿನ ಸಾಲಿನ ಕಡೆ ನೋಡಿದಳು. ಬಾಟಲಿಯ ಮುಚ್ಚಳ ತಿರುವಿದಳು.

"ಇಲ್ಲೆಲ್ಲ ಬೇಡ ಅಕ್ಕಾ. ಎಲ್ರೂ ನೋಡ್ತಿದಾರೆ."

ಹಿಡಿತ ಬಿಟ್ಟು ಸೋಲಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಇಸಕ್ಕಿ ಕಿವಿಯಲ್ಲಿ ಅದನ್ನೇ ಅಂದಳು. ಪೇಚ್ಚಿ ತಲೆಯಾಡಿಸಿದಳು. "ಮುಚ್ಚಿಟ್ಕೊಂಡು ಮಾಡೋದು ಅವ್ಳ ಕೆಲ್ಸ. ನಾವು ಎಲ್ರೂ ನೋಡ್ತಿರೋವಾಗ್ಲೇ ಮಾಡಣ."

ಎರಡನೇ ಅರ್ಧದಲ್ಲಿ ಯಾಳಿನಿ ಔಟಾದಳು. ಹೋಗಿ ಕೂತಳು. ಎದುರಿನ ರೈಡರ್ ಬಂದಳು. ಎತ್ತರದ ಗಟ್ಟಿ ಹೆಣ್ಣು. ಪೇಚ್ಚಿ ತಿರುಗಿ ನೋಡಲಿಲ್ಲ. ಅಡ್ಡಬಿದ್ದು ಹಿಮ್ಮಡಿಗೆ ಬೀಗ ಹಾಕಿದಳು. ಇಸಕ್ಕಿ ಬಿದ್ದಳು, ಮಿನತಿ ಬಿದ್ದಳು, ಎಲ್ಲರೂ ಹಳೆಯ ದಿನದಂತೆ ಒಂದೇ ಉಸಿರಿಗೆ ಬಿದ್ದರು. ಸೀಟಿ ಕೇಳಿತು. ಜನ ಎದ್ದು ಕೂಗಿದರು. ಯಾಳಿನಿ ಬದುಕಿ ಒಳಗೆ ಓಡಿ ಬಂದಳು. ಏಳೂ ಜನ ಈಗ ಅಂಕಣದಲ್ಲಿ.

"ನೋಡ್ಕೊಂಡ್ಯಾ?" ಎಂದಳು ಪೇಚ್ಚಿ, ಬಾಯಿಯ ರಕ್ತ ಒರೆಸುತ್ತ. "ನಿನ್ನ ಎಬ್ಸಿದ್ದು ಇದೇ ಕೊನೆ."

ಯಾಳಿನಿ ಒಂದು ರೈಡ್ ಹೋಗಿ ಬರಿಗೈಯಲ್ಲಿ ಬಂದಳು. ಎದುರಿನಿಂದ ಇನ್ನೊಬ್ಬ ರೈಡರ್ ಕಬಡ್ಡಿ ಕಬಡ್ಡಿ ಎನ್ನುತ್ತ ಬಂದಳು. ಪೇಚ್ಚಿ ಮೂಲೆಯಲ್ಲಿ ನೆಟ್ಟಗೆ ನಿಂತಳು. ಬಗ್ಗಲಿಲ್ಲ. ಬೆನ್ನ ಹಿಂದಿನ ಬಿಳಿಗೆರೆಯನ್ನು ಒಂದೇ ಹೆಜ್ಜೆಯಲ್ಲಿ ದಾಟಿ ಹೊರಗೆ ನಿಂತಳು. ಅಂಪೈರ್ ಕೈ ಎತ್ತಿದ. ಗೆರೆ ದಾಟಿದವಳು ಔಟು.

ಕಾಲು ಜಾರಿತೆಂದು ಜನ ಅಂದುಕೊಂಡರು. ಇಸಕ್ಕಿ ದಾಟಿದಳು. ಅವಳ ಹಿಂದೆ ಒಬ್ಬಳು. ಇನ್ನೊಬ್ಬಳು. ಮತ್ತೊಬ್ಬಳು. ಎದುರಿನ ರೈಡರ್ ಉಸಿರು ಹಿಡಿದುಕೊಂಡೇ ಕಣ್ಣು ಬಿಟ್ಟಳು. ಶ್ರೀವತ್ಸನ್ ಕುರ್ಚಿ ಒದ್ದು ಎದ್ದ. "ಏಯ್! ಏನ್ರೇ ಅದು! ಒಳಗೆ ಹೋಗ್ರೇ!"

ಮಿನತಿ ಉಳಿದಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಲು ಭಾಷೆಯೂ ಇರಲಿಲ್ಲ. ಅವಳ ಸಂಬಳ ಇವರದರಲ್ಲಿ ಅರ್ಧ. ಅವಳು ಯಾಳಿನಿಯನ್ನು ನೋಡಿದಳು, ಗೆರೆಯಾಚೆಯ ಐದು ಜನರನ್ನು ನೋಡಿದಳು, ಬೆಂಚಿನ ಮೇಲೆ ತೋಳು ಕಟ್ಟಿಕೊಂಡು ಕೂತವಳನ್ನು ನೋಡಿದಳು. ಮೆಲ್ಲಗೆ ನಡೆದು ಬಂದು ಪೇಚ್ಚಿಯ ಪಕ್ಕ ನಿಂತಳು.

ಯಾಳಿನಿ ಒಬ್ಬಳೇ. ಎದುರಿನ ರೈಡರ್ ಹೆಚ್ಚು ಕಷ್ಟಪಡಲಿಲ್ಲ. ಅವಳ ಭುಜಕ್ಕೆ ಬೆರಳು ತಾಗಿಸಿ ಹಿಂದಿರುಗಿದಳು.

ಎಲ್ಲರೂ ಔಟಾದರೆ ಎಲ್ಲರೂ ಮತ್ತೆ ಬದುಕಿ ಒಳಗೆ ಬರುವುದು ಆಟದ ನಿಯಮ. ಅಂಪೈರ್ ಕೈಬೀಸಿ ಕರೆದ. ಯಾಳಿನಿ ಹೋಗಿ ಅಂಕಣದ ನಡುವೆ ನಿಂತಳು. ಪೇಚ್ಚಿ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚಿದಳು. ಆರು ಜೊತೆ ಬೂಟು ಗೆರೆಯ ಹೊರಗೆ ಸಾಲಾಗಿ ಕೂತವು. ಬಿರಿದ ಅಂಗಾಲಿಗೆ ತಣ್ಣನೆಯ ನೆಲ ಹಿತವೆನಿಸಿತು.

ಅಂತೋಣಿ ಮಾಸ್ಟರು ಓಡಿ ಬಂದರು. "ಪೇಚ್ಚಿ, ಜೀವನ ಹಾಳಾಗುತ್ತೆ ಕಣಮ್ಮಾ. ಒಂದು ಪೈಸೆ ಕೊಡಲ್ಲ ಅವ್ರು. ಇನ್ನು ಯಾರೂ ನಿಮ್ಮನ್ನ ಆಡ್ಸಲ್ಲ."

"ಎಲ್ಲಾರ್ಗೂ ಒಂದೇ ಅಂದ್ರಲ್ಲ ಮಾಸ್ಟ್ರೇ. ಹಾಳಾದ್ರೂ ಎಲ್ಲಾರ್ಗೂ ಒಂದೇ ಆಗ್ಲಿ ಬಿಡಿ."

ಬೆಂಚಿನ ಹತ್ತಿರ ಹೋಗಿ ಅನ್ನಪುಷ್ಪಂಳ ಒಳ್ಳೆಯ ಕೈ ಹಿಡಿದು ಎಬ್ಬಿಸಿದಳು. ಅನ್ನಪುಷ್ಪಂ ಅಳುತ್ತಿದ್ದಳು. "ನನ್ನಿಂದ ನಿಮ್ಮೆಲ್ಲರ ಹೊಟ್ಟೆ ಮೇಲೆ ಹೊಡ್ತ ಬಿತ್ತಲ್ಲೇ."

"ಸುಮ್ನಿರು. ಸೋಮವಾರ ಗದ್ದೆಗೆ ಇಳೀತೀವಿ. ನಿನ್ ಪಾಲು ಮನೆಗೆ ಬರುತ್ತೆ. ಕೈ ಏಳ್ಲಿ, ಏಳ್ದೇ ಇರ್ಲಿ, ಬರುತ್ತೆ."

ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೂಗು ಕೇಳಿತು. "ಪೇಚ್ಚಿಯಕ್ಕಾ!"

ಪೇಚ್ಚಿ ತಿರುಗಿದಳು. ಅಷ್ಟು ದೊಡ್ಡ ನೀಲಿ ಮ್ಯಾಟಿನ ಮೇಲೆ ಯಾಳಿನಿ ಒಬ್ಬಳೇ ನಿಂತಿದ್ದಳು. ರೈಡರ್ ಬರುವಾಗ ಅಕ್ಕಪಕ್ಕದವರ ಕೈ ಹಿಡಿದು ನಿಲ್ಲುವುದು ಅಭ್ಯಾಸ. ಅವಳ ಎರಡೂ ಕೈ ತಾವಾಗಿ ಅಗಲಕ್ಕೆ ಚಾಚಿದ್ದವು, ಬೆರಳು ಬಿಡಿಸಿಕೊಂಡು, ಹಿಡಿಯುವವರಿಗಾಗಿ.

ಪೇಚ್ಚಿಯ ಕೈ ಒಂದು ಸಲ ತುಡಿಯಿತು. ಅವಳು ಅದನ್ನು ಮುಷ್ಟಿ ಕಟ್ಟಿ ಬಗಲಲ್ಲಿ ಇಟ್ಟುಕೊಂಡು ಹೊರಗೆ ನಡೆದಳು.